ಬೆಕ್ಕನ್ನು ಹುಲಿ ಮಾಡುತ್ತಿದ್ದ ಮಿಸ್ತ್ರಿ

ಹೋದ ತಿಂಗಳು ನಮ್ಮ ಶಾಲೆಯ ಕಂಪೌಂಡಿನಲ್ಲಿರುವ ಬೇವಿನ ಮರದ ಟೊಂಗೆಗಳು ಕರೆಂಟಿನ ತಂತಿಗೆ ತಾಗುತ್ತಿವೆ ಎಂದು ಇಬ್ಬರು ಬಂದು ಕಡಿದು ಹೋದರು. ನಾನು ಐದನೆಯ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಮೊದಲು ಕಿಟಕಿಯಿಂದ ಮಶೀನಿನ ಸದ್ದು ಬಂತು. ಮಕ್ಕಳೆಲ್ಲ ಎದ್ದು ನಿಂತರು. ಸದ್ದಿನಿಂದ ನನಗೇನೂ ಆಗಲಿಲ್ಲ, "ಕುಂದರ್ರಿ" ಎಂದು ಗದರಿಸಿ ಲೆಕ್ಕ ಮುಂದುವರಿಸಿದೆ. ಆಮೇಲೆ ವಾಸನೆ ಬಂತು. ಎಣ್ಣೆ ಬೆರೆಸಿದ ಪೆಟ್ರೋಲು ಸುಟ್ಟ ನೀಲಿ ಹೊಗೆ, ಅದರ ಜೊತೆಗೆ ಹಸಿ ಬೇವಿನ ಪುಡಿಯ ಕಹಿ. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ನಲ್ಲಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಹೆಡ್‌ಮಾಸ್ತರರು ಬಂದು, "ಯಾಕ್ರಿ ಸರ, ಬಿ.ಪಿ. ಏನು?" ಎಂದರು. "ಏನಿಲ್ರಿ, ಹೊಗಿ" ಎಂದೆ.

ಆ ಹೊಗೆಯಲ್ಲಿ ನನಗೆ ಇಬ್ಬರು ಕಾಣುತ್ತಾರೆ. ಒಬ್ಬ ನನ್ನ ಅಣ್ಣ. ಅವನ ಬಗ್ಗೆ ಮನೆಯಲ್ಲಿ ಈಗಲೂ ಮಾತಾಡುತ್ತೇವೆ, ವರ್ಷಕ್ಕೊಮ್ಮೆ ಎಡೆ ಹಿಡಿಯುತ್ತೇವೆ. ಇನ್ನೊಬ್ಬ ಗಜೇಂದ್ರಗಡದ ಮಿಸ್ತ್ರಿ. ಅವನ ಬಗ್ಗೆ ಯಾರೂ ಮಾತಾಡುವುದಿಲ್ಲ. ಎದುರಿಗಿದ್ದಾಗ ನಾನು 'ರಿ' ಹಚ್ಚಿಯೇ ಮಾತಾಡುತ್ತಿದ್ದೆ, ನನಗಿಂತ ಬಹಳ ದೊಡ್ಡವನು. ಬರೆಯಲು ಕೂತರೆ ಏಕವಚನವೇ ಬರುತ್ತದೆ. ಅದು ಸಲುಗೆಯೋ ಸಿಟ್ಟೋ, ನನಗೇ ತಿಳಿಯದು...

ಬಸ್ ನಿಲ್ದಾಣದಿಂದ ನೇಕಾರರ ಓಣಿಗೆ ತಿರುಗುವ ಮೂಲೆಯಲ್ಲಿ ಅವನ ಅಂಗಡಿಯಿತ್ತು. ತಗಡಿನ ಮಾಡು, ಮುಂದೆ ಒಂದು ಕಟ್ಟೆ, ಹಿಂದೆಯೇ ಮನೆ. ಒಳಗಿನ ಮನೆಗಳಿಂದ ದಿನವಿಡೀ ಮಗ್ಗದ ಟಕಟಕ ಕೇಳುತ್ತಿತ್ತು. ಮಿಸ್ತ್ರಿ ಲೂನಾ ಗಾಡಿ ರಿಪೇರಿ ಮಾಡುತ್ತಿದ್ದ, ಹೊಲಕ್ಕೆ ಔಷಧ ಹೊಡೆಯುವ ಪಂಪು ರಿಪೇರಿ ಮಾಡುತ್ತಿದ್ದ. ಗಿಡ್ಡ ಮೈಕಟ್ಟು, ಅಗಲವಾದ ಅಂಗೈ, ಸದಾ ಬಾಯಲ್ಲಿ ಬಡೇಸೋಪು. ಬನಿಯನ್ ಒಂದು ಕಾಲದಲ್ಲಿ ಬಿಳಿ ಇದ್ದಿರಬೇಕು.

ನಾವು ಲಕ್ಕಲಕಟ್ಟಿಯವರು. ಅಪ್ಪನ ಕಾಲದಿಂದಲೂ ನಮ್ಮದು ಮರ ಕಡಿಯುವ ಕೆಲಸ, ಕೊಡಲಿ ಮತ್ತು ಇಬ್ಬರು ಆಚೀಚೆ ಕೂತು ಎಳೆಯುವ ಗರಗಸ. ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆಯ ರಸ್ತೆಗಳನ್ನು ಅಗಲ ಮಾಡುವ ಕೆಲಸ ಶುರುವಾಯಿತು. ರಸ್ತೆಯ ಎರಡೂ ಬದಿಗಿದ್ದ ಬೇವು, ಹುಣಸೆ ಕಡಿಯುವ ಗುತ್ತಿಗೆ ಕಟ್ಟಿಗೆ ಅಡ್ಡೆಯ ಒಬ್ಬ ಸಾವುಕಾರನಿಗೆ ಸಿಕ್ಕಿತು. ನಮ್ಮ ಸೀಮೆಗೆ ಪೆಟ್ರೋಲ್ ಗರಗಸ ತಂದವನು ಅವನೇ. ಅಣ್ಣ ಅವನ ಹತ್ತಿರ ಕೆಲಸಕ್ಕೆ ಸೇರಿದ. ನಾನು ಪಿಯುಸಿ ಮುಗಿಸಿ, ಮುಂದೆ ಮಾಸ್ತರಕಿ ಓದಲು ಸೀಟು ಸಿಗುವ ತನಕ ಎಂದು ಅವನ ಜೊತೆ ಹೋದೆ. ಇಬ್ಬರೂ ಸರತಿಯ ಮೇಲೆ ಮಶೀನು ಹಿಡಿಯುತ್ತಿದ್ದೆವು. ಅಣ್ಣನಿಗೆ ಅದರ ಮೇಲೆ ಹೊಸ ಎತ್ತಿನ ಮೇಲಿನಂಥ ಮೋಹ. ಕೆಲಸ ಮುಗಿದ ಮೇಲೆ ಅದರ ಮೈಯನ್ನು ತನ್ನ ಟವೆಲ್ಲಿನಿಂದಲೇ ಒರೆಸುತ್ತಿದ್ದ.

ಒಂದು ದಿನ ಯಾರೋ ಎಣ್ಣೆ ಬೆರೆಸದ ಬರೀ ಪೆಟ್ರೋಲು ಹಾಕಿಬಿಟ್ಟರು. ಮರದ ನಡುವೆಯೇ ಮಶೀನು ಗಕ್ಕನೆ ನಿಂತಿತು, ಹಗ್ಗ ಎಳೆದರೆ ಕಲ್ಲು ಎಳೆದ ಹಾಗೆ. ಅದನ್ನು ಗೋಣಿಚೀಲದಲ್ಲಿ ಸುತ್ತಿ ನಾನೂ ಅಣ್ಣನೂ ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಒಯ್ದೆವು. ಮಿಸ್ತ್ರಿ ಚೀಲ ಸರಿಸಿ ನೋಡಿ, "ಯಾವ ಜನಾವರಾ ಇದು?" ಎಂದ.

ಅಂಥ ಮಶೀನನ್ನು ಅವನು ಮೊದಲ ಸಲ ನೋಡುತ್ತಿದ್ದ. ಹಾಗಂತ ಒಪ್ಪಿಕೊಳ್ಳುವ ಜಾತಿಯವನಲ್ಲ. ಒಂದು ಹಳೆಯ ಚಾದರ ಹಾಸಿ, ಹೆಂಡತಿಯನ್ನು ಕೂಗಿ ಚಹದ ಬಸಿಗಳನ್ನು ತರಿಸಿಕೊಂಡ. ಮೇಲಿನ ಮುಚ್ಚಳ ಬಿಚ್ಚಿದ, ಅದರ ಸ್ಕ್ರೂಗಳು ಒಂದು ಬಸಿಗೆ. ಹಗ್ಗದ ಚಕ್ರ ಬಿಚ್ಚಿದ, ಅದರವು ಇನ್ನೊಂದು ಬಸಿಗೆ. ಕ್ಲಚ್ಚಿನ ಹತ್ತಿರ ಬಂದು ಸಿಕ್ಕಿಕೊಂಡ. ಪ್ಲಗ್ಗಿನ ತೂತಿನಿಂದ ಒಂದು ಹತ್ತಿಯ ಹಗ್ಗದ ತುಂಡು ತುರುಕಿ ಪಿಸ್ಟನ್ ಸರಿಯದ ಹಾಗೆ ಮಾಡಿ, ನಟ್ಟು ಬಿಚ್ಚುವ ಪಾನಾ ಹಾಕಿ ಮೈಯೆಲ್ಲ ಬೆವರುವವರೆಗೆ ತಿರುಗಿಸಿದ. ಅದು ಅಲುಗಲಿಲ್ಲ. ಬೈದ. ಎದ್ದು ಹೋಗಿ ನೀರು ಕುಡಿದು ಬಂದ. ಆಮೇಲೆ ಸುಮ್ಮನೆ ಅದನ್ನೇ ನೋಡುತ್ತ ಕೂತವನು ಪಾನಾವನ್ನು ಉಲ್ಟಾ ತಿರುಗಿಸಿದ. ಸರಕ್ಕನೆ ಬಿಚ್ಚಿಕೊಂಡಿತು. ತನ್ನ ಹಣೆಗೆ ತಾನೇ ಹೊಡೆದುಕೊಂಡು ನಕ್ಕ ಆ ನಗು ನನಗೆ ಈಗಲೂ ಕೇಳಿಸುತ್ತದೆ.

ಪಿಸ್ಟನ್ ಹೊರಗೆ ತೆಗೆದು ಅಣ್ಣನ ಕೈಗೆ ಕೊಟ್ಟ. ಅದರ ಒಂದು ಬದಿಯೆಲ್ಲ ಬೆಕ್ಕು ಪರಚಿದ ಹಾಗೆ ಗೆರೆಗೆರೆ. "ನೋಡು. ಎಣ್ಣಿ ಇಲ್ದ ಹ್ಯಾಂಗ ಉರದೈತಿ ಪಾಪ. ನಿನಗ ನೀರು ಕೊಡಲಾರದ ದುಡಿಸಿದ್ರ ನೀ ಏನ್ ಮಾಡ್ತೀ?" ಎಂದ. ಹುಬ್ಬಳ್ಳಿಯಿಂದ ಹೊಸ ಪಿಸ್ಟನ್ನು ತರಿಸಿ ಅದನ್ನು ಸುದ್ದ ಮಾಡಿಕೊಟ್ಟ. ಅಲ್ಲಿಂದ ನಮ್ಮ ಅವನ ಸ್ನೇಹ.

ಸ್ನೇಹವೆಂದರೆ ಹೆಚ್ಚಾಗಿ ಅಣ್ಣನದು. ಇಬ್ಬರಿಗೂ ಸದ್ದು ಇಷ್ಟ, ವೇಗ ಇಷ್ಟ. ಮಿಸ್ತ್ರಿ ಮಹಾ ಮುಂಗೋಪಿ. ಬಸಿ ಮುಟ್ಟಿದರೆ ಕೂಗಾಡುತ್ತಿದ್ದ, ಬೇರೆ ಮಿಸ್ತ್ರಿಗಳ ಹೆಸರೆತ್ತಿದರೆ ಉಗುಳುತ್ತಿದ್ದ. ಜಂಬ ಬೇರೆ. ಕಂಪನಿಯಿಂದ ಬಂದ ಯಾವ ಮಶೀನನ್ನೂ ಇದ್ದ ಹಾಗೆ ಬಿಡುವುದು ಅವನಿಗೆ ಅವಮಾನ. "ಕಂಪನ್ಯಾಂವ ಅಂಜುಬುರುಕ ಅದಾನ. ಎಲ್ಲಾ ಕಟ್ಟಿ ಹಾಕಿ ಕೊಟ್ಟಾನ. ನಾ ಬಿಚ್ಚತೀನಿ. ನಿನ್ನ ಬೆಕ್ಕಿನ್ನ ಹುಲಿ ಮಾಡಿಕೊಡ್ತೀನಿ, ತಡಿ" ಎಂದು ಅಣ್ಣನಿಗೆ ಹೇಳಿದ.

ಮಾಡಿಯೂ ಕೊಟ್ಟ. ಸೈಲೆನ್ಸರಿನೊಳಗಿನ ತಗಡನ್ನು ಕಿತ್ತು, ಹೊಗೆ ಹೋಗುವ ಬಾಯಿ ಅಗಲ ಮಾಡಿದ. ಸಿಲಿಂಡರಿನ ಒಳಗಿನ ಕಿಂಡಿಯನ್ನು ಸಣ್ಣ ಅರದಿಂದ ತಿಕ್ಕಿದ, ಮೇಲೆ ಮರಳು ಕಾಗದ ಹಚ್ಚಿ ನುಣುಪು ಮಾಡಿದ. ಸಿಲಿಂಡರಿನ ಬುಡಕ್ಕಿದ್ದ ದಪ್ಪ ಗ್ಯಾಸ್ಕೆಟ್ಟಿನ ಬದಲು ತೆಳ್ಳನೆಯದನ್ನು ಕತ್ತರಿಸಿ ಹಾಕಿದ. ಎಷ್ಟು ದಿನ ಹಿಡಿಯಿತೋ ನೆನಪಿಲ್ಲ. ಪದೇ ಪದೇ ಜೋಡಿಸುವುದು, ಹಚ್ಚಿ ನೋಡುವುದು, ಮುಖ ಕಿವುಚಿ ಮತ್ತೆ ಬಿಚ್ಚುವುದು. ಅಣ್ಣ ಕಟ್ಟೆಯ ಮೇಲೆ ಕೂತು ಹೆರಿಗೆಗೆ ಕಾದವನ ಹಾಗೆ ಕಾಯುತ್ತಿದ್ದ.

ಸಂತೆಯ ದಿನ ಅಂಗಡಿಯ ಮುಂದೆ ಎರಡು ಹುಣಸೆ ದಿಮ್ಮಿಗಳನ್ನು ಹಾಕಿಸಿದ. ಒಂದಕ್ಕೆ ಸಾವುಕಾರನ ಹೊಸ ಮಶೀನು, ಕಂಪನಿಯಿಂದ ಬಂದದ್ದು. ಇನ್ನೊಂದಕ್ಕೆ ಅಣ್ಣನ ಕೈಯಲ್ಲಿ ಅವನ ಹುಲಿ. ಸಂತೆಗೆ ಬಂದವರೆಲ್ಲ ಚೀಲ ಹಿಡಿದು ಸುತ್ತ ನಿಂತರು. ನೇಕಾರರು ಮಗ್ಗ ಬಿಟ್ಟು ಬಂದರು. ಹೊಸ ಮಶೀನು ದಿಮ್ಮಿಯ ಅರ್ಧಕ್ಕೆ ಬರುವಷ್ಟರಲ್ಲಿ ಅಣ್ಣನ ತುಂಡು ನೆಲಕ್ಕೆ ಬಿದ್ದಿತ್ತು. ಜನ ಕೇಕೆ ಹಾಕಿದರು. ಮಿಸ್ತ್ರಿ ಅಣ್ಣನನ್ನು ಅಪ್ಪಿಕೊಂಡು ಎತ್ತಿಬಿಟ್ಟ, ಅಷ್ಟು ಗಿಡ್ಡ ಮನುಷ್ಯ. ಅಣ್ಣ ಅಷ್ಟು ನಕ್ಕದ್ದನ್ನು ಅವನ ಮದುವೆಯಲ್ಲಿಯೂ ನಾನು ನೋಡಿರಲಿಲ್ಲ. ಸಾವುಕಾರ ಬದಿಗೆ ನಿಂತು ನೋಡುತ್ತಿದ್ದ.

ಮರುದಿನವೇ ಅವನು ತನ್ನ ಎಲ್ಲ ಮಶೀನುಗಳನ್ನೂ ಮಿಸ್ತ್ರಿಗೆ ಕಳಿಸಿದ. ಅವೆಲ್ಲ ಹುಲಿಗಳಾಗಿ ಬಂದವು. ಕೆಲಸ ಬೇಗ ಬೇಗ ಸಾಗತೊಡಗಿತು, ಅಷ್ಟು ಆಳು ಬೇಡವಾದರು. ನಮ್ಮ ಕಾಕಾನ ಮಕ್ಕಳು, ಮುಶಿಗೇರಿಯ ಕೊಡಲಿಯವರು, ಒಬ್ಬೊಬ್ಬರೇ ಮನೆಗೆ ಹೋದರು. ಮಿಸ್ತ್ರಿ ಅಂಗಡಿಗೆ ಹೊಸ ಬೋರ್ಡು ಬರೆಸಿದ, ಅದರಲ್ಲಿ ಹುಲಿಯ ಚಿತ್ರ. ಸೈಲೆನ್ಸರಿಲ್ಲದ ಎಂಜಿನ್ನುಗಳ ನಡುವೆ ದಿನವೆಲ್ಲ ಕೂತು ಅವನ ಕಿವಿ ಮಂದವಾಗುತ್ತ ಬಂತು. "ಮನಿಯಾಗ ಮಾತಾಡಿದ್ರ ಓಣಿ ಕೇಳ್ತೈತ್ರಿ" ಎಂದು ಅವನ ಹೆಂಡತಿ ನಗುತ್ತಲೇ ದೂರಿದ್ದಳು. ಆಗ ನಾವೂ ನಕ್ಕಿದ್ದೆವು.

ಈ ಮಶೀನಿನಲ್ಲಿ ಎಡಗೈ ಹಿಡಿಕೆಯ ಮುಂದೆ ಒಂದು ಪ್ಲಾಸ್ಟಿಕ್ಕಿನ ಅಡ್ಡಪಟ್ಟಿ ಇರುತ್ತದೆ. ನೋಡಿದವರು ಅದನ್ನು ಕೈಗೆ ಪುಡಿ ಹಾರದಿರಲಿ ಎಂದು ಇಟ್ಟದ್ದು ಅಂದುಕೊಳ್ಳುತ್ತಾರೆ. ಅದು ಬ್ರೇಕು. ಕೊಯ್ಯುವಾಗ ಗರಗಸದ ಮೂತಿ ಏನಕ್ಕಾದರೂ ತಗುಲಿದರೆ ಮಶೀನು ಹಿಡಿದವನ ಕಡೆಗೇ ಹಾರುತ್ತದೆ. ಹಾರಿದಾಗ ಆ ಪಟ್ಟಿ ಮಣಿಕಟ್ಟಿಗೆ ಬಡಿದು ಸರಪಳಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ಲಿಸುತ್ತದೆ. ಮಿಸ್ತ್ರಿ ಮಶೀನುಗಳನ್ನು ಜೋರು ಮಾಡಿದ ಮೇಲೆ ಅವು ಹೆಚ್ಚು ಜಿಗಿಯುತ್ತಿದ್ದವು, ಬ್ರೇಕು ಮತ್ತೆ ಮತ್ತೆ ಬೀಳುತ್ತಿತ್ತು. ಪ್ರತಿ ಸಲ ನಿಲ್ಲಿಸಿ ಪಟ್ಟಿಯನ್ನು ಹಿಂದಕ್ಕೆ ಎಳೆಯಬೇಕು. ಸಾವುಕಾರನಿಗೆ ಅದು ಹೊತ್ತು ಹಾಳು. ಒಂದು ದಿನ ಅವನೇ ಅಂಗಡಿಗೆ ಬಂದ. ನಾವಿಬ್ಬರೂ ಅಲ್ಲಿದ್ದೆವು.

"ಎಲ್ಲಾ ತಗದೀ, ಇದೊಂದು ಪಟ್ಟಿ ತಗ್ಯಾಕ ಏನ್ ತ್ರಾಸು ನಿನಗ?" ಎಂದ.

"ಅದನ್ನ ತಗದ್ರ ಮಶಿನ್ ಹಿಡದಾಂವನ ಕುತ್ತಿಗಿ ತಗದಂಗ್ರಿ ಸಾವಕಾರ್ರ. ಅದೊಂದ ನಾ ಮಾಡಂಗಿಲ್ಲ."

"ಮತ್ತ ಹುಲಿ ಅಂತ ಬೋರ್ಡ್ ಹಾಕೀದಿ. ಹುಲಿಗೆ ಮೂಗದಾರ ಹಾಕ್ತಾರೇನ?"

ಕಟ್ಟೆಯ ಮೇಲಿದ್ದವರು ನಕ್ಕರು. ಮಿಸ್ತ್ರಿಯ ಮುಖ ಕೆಂಪಾಯಿತು. ಜಂಬದ ಮನುಷ್ಯ, ಅಂಥ ಮಾತಿಗೆ ಅವನು ಏನಾದರೂ ಮಾಡಿಬಿಡುತ್ತಾನೆಂದು ನನಗೆ ಅನ್ನಿಸಿತು. ಆದರೆ ಅವನು ಪಾನಾ ಕೆಳಗಿಟ್ಟು, "ಒಯ್ರಿ ನಿಮ್ಮ ಮಶಿನ್" ಎಂದಷ್ಟೇ ಹೇಳಿದ.

ಸಾವುಕಾರ ಅವನ್ನು ನರಗುಂದದ ಕಡೆಗೆ ಯಾರ ಹತ್ತಿರವೋ ಕಳಿಸಿದ. ತಿರುಗಿ ಬಂದಾಗ ಯಾವ ಮಶೀನಿಗೂ ಪಟ್ಟಿ ಇರಲಿಲ್ಲ. ಅಣ್ಣ ಒಂದನ್ನು ಎತ್ತಿ ನೋಡಿ, "ಹಗುರಾಗೇತಿ" ಎಂದ. "ಇದನ್ನ ಹಿಡಿಯೂದ ಬ್ಯಾಡ ಅಣ್ಣಾ" ಎಂದೆ. "ನಾ ಒಲ್ಲೆ ಅಂದ್ರ ನಾಳೆ ಬ್ಯಾರೇದಾಂವ ಹಿಡೀತಾನ. ಕಾಕಾನ ಮಕ್ಕಳು ಮನ್ಯಾಗ ಕುಂತದ್ದು ಕಾಣ್ವಲ್ದೇನ ನಿನಗ?" ಎಂದ.

ಅದಾಗಿ ಬಹಳ ದಿನವಾಗಲಿಲ್ಲ. ಮುಶಿಗೇರಿಯ ದಾರಿಯಲ್ಲಿ ಕೆಡವಿದ ಹುಣಸೆ ಮರದ ಟೊಂಗೆಗಳನ್ನು ಅಣ್ಣ ಸವರುತ್ತಿದ್ದ. ನಾನು ಆಚೆ ತುದಿಯಲ್ಲಿ ಹಗ್ಗ ಕಟ್ಟುತ್ತಿದ್ದೆ. ಎಲೆಗಳ ಮರೆಯಲ್ಲಿ ಒಂದು ಮೋಟು ಟೊಂಗೆ ಇತ್ತು, ಗರಗಸದ ಮೂತಿ ಅದಕ್ಕೆ ತಗುಲಿತು. ಸದ್ದು ಒಂದು ಕ್ಷಣ ಬದಲಾಯಿತು... ನಾನು ತಿರುಗಿ ನೋಡುವಷ್ಟರಲ್ಲಿ ಅಣ್ಣ ಕೂತಿದ್ದ. ಮರಕ್ಕೆ ಒರಗಿ, ದಣಿದವನ ಹಾಗೆ. ಕೊರಳಿನ ಬದಿಯನ್ನು ಕೈಯಿಂದ ಮುಚ್ಚಿಕೊಂಡಿದ್ದ. ಟಂಟಂ ಗಾಡಿಯಲ್ಲಿ ಹಾಕಿಕೊಂಡು ಹೊರಟೆವು. ದವಾಖಾನೆಗೆ ಇನ್ನೂ ದೂರವಿರುವಾಗಲೇ ನನ್ನ ತೊಡೆಯ ಮೇಲಿನ ಅವನ ತಲೆ ಭಾರವಾಯಿತು.

ಆಮೇಲೆ ನಡೆದದ್ದು ನನಗೆ ಸಾವಿಗಿಂತ ಕಹಿ.

ಠಾಣೆಯಲ್ಲಿ ಸಾವುಕಾರ, "ಮಶಿನ್ ಕೆಡಿಸಿದಾಂವ ಗಜೇಂದ್ರಗಡದ ಮಿಸ್ತ್ರಿ. ಬೇಕಾದ್ರ ಯಾರನ್ನರ ಕೇಳ್ರಿ" ಎಂದ. ಕೇಳುವುದೇನು, ಸಂತೆಗೆ ಬಂದ ಊರೆಲ್ಲ ಕಣ್ಣಾರೆ ನೋಡಿತ್ತು. ಹುಲಿಯ ಬೋರ್ಡು ಅಂಗಡಿಯ ಮೇಲೆಯೇ ಇತ್ತು. ನರಗುಂದದ ಕಡೆಯವನಿಗೆ ಬೋರ್ಡಿರಲಿಲ್ಲ, ಅವನು ಯಾರೆಂದು ನಮಗೂ ಗೊತ್ತಿರಲಿಲ್ಲ. ಮಿಸ್ತ್ರಿಯನ್ನು ಅಂಗಡಿಯಿಂದ ಕರೆದುಕೊಂಡು ಹೋದರು. ಅಣ್ಣನನ್ನು ಮಣ್ಣು ಮಾಡಿ ಬಂದ ನಾನು ತಲೆಸ್ನಾನದ ಒದ್ದೆ ಬಟ್ಟೆ ಬದಲಿಸಿ ಠಾಣೆಗೆ ಹೋದೆ. ಪಟ್ಟಿ ತೆಗೆದವನು ಇವನಲ್ಲ, ಇವನು ಒಲ್ಲೆನೆಂದ, ಸಾವುಕಾರನೇ ಬೇರೆ ಕಡೆ ಕಳಿಸಿ ತೆಗೆಸಿದ ಎಂದು ಎಲ್ಲ ಹೇಳಿದೆ.

"ತಗ್ಯೂದನ್ನ ನೀ ಕಣ್ಣಾರೆ ನೋಡೀಯೇನ?" ಎಂದು ಅಲ್ಲಿದ್ದವರು ಕೇಳಿದರು.

"ಇಲ್ರಿ. ಹೋಗುವಾಗ ಇತ್ತು, ಬರುವಾಗ ಇರಲಿಲ್ರಿ."

"ನೋಡಿಲ್ಲಲ್ಲ? ಮತ್ತ? ಮಶಿನ್ ಬಿಚ್ಚಿ ಜೋರು ಮಾಡಿದಾಂವ ಇಂವ ಹೌದೋ ಅಲ್ಲೋ?"

"ಹೌದ್ರಿ. ಆದ್ರ..."

"ಆತು ಬಿಡು."

ನನ್ನ 'ಆದ್ರ' ಅಲ್ಲಿಯೇ ಉಳಿಯಿತು. ಕೆಲವು ದಿನಗಳ ಮೇಲೆ ಮಿಸ್ತ್ರಿಯನ್ನು ಬಿಟ್ಟರು. ಕೆಲಸ ಮಾಡುವಾಗ ಆದ ಆಕಸ್ಮಿಕ ಎಂದು ಎಲ್ಲ ಮುಗಿಯಿತು. ಸಾವುಕಾರ ಒಂದೇ ಕಲ್ಲಿಗೆ ಎರಡು ಹಣ್ಣು ಉದುರಿಸಿದ್ದ. ಅಪರಾಧ ಮಿಸ್ತ್ರಿಯದು ಎಂದು ಊರು ನಂಬಿತು, ಅಪರಾಧವೇ ಇಲ್ಲ ಎಂದು ಠಾಣೆ ನಂಬಿತು.

ಬಿಡುಗಡೆಯಾದವನು ತನ್ನ ಮನೆಗೆ ಹೋಗುವ ಮೊದಲು ನಮ್ಮ ಮನೆಗೆ ಬಂದ. ಬಿಸಿಲು ಏರಿದ ಹೊತ್ತು. ಲಕ್ಕಲಕಟ್ಟಿಗೆ ಅವನು ಅದುವರೆಗೆ ಬಂದವನೇ ಅಲ್ಲ, ದಾರಿ ಕೇಳುತ್ತ ಬಂದಿದ್ದ. ಚಪ್ಪಲಿ ದೂರ ಬಿಟ್ಟು ಹೊಸ್ತಿಲಿನ ಹೊರಗೆ ನಿಂತ. ಪಡಸಾಲೆಯಲ್ಲಿ ಬೀಗರು, ಓಣಿಯವರು ಕೂತಿದ್ದರು. ಅವ್ವ ಅವನನ್ನು ನೋಡಿದ್ದೇ ಎದೆ ಬಡಿದುಕೊಂಡು, "ಇಟಗಿ ಭೀಮವ್ವ ತಾಯಿ ನೋಡ್ಲಿ ನಿನ್ನ. ನಿನ್ನ ಕೈ ಸೇದಿ ಹೋಗ್ಲಿ" ಎಂದು ಶಪಿಸಿದಳು. ಅವನು ತಲೆ ತಗ್ಗಿಸಲೂ ಇಲ್ಲ, ಎತ್ತಲೂ ಇಲ್ಲ. ಎಷ್ಟು ಕೇಳಿಸಿತೋ ಅವನ ಆ ಕಿವಿಗೆ...

ನಾನು ಎದ್ದು, "ಅವ್ವಾ, ಬ್ರೇಕ್ ತಗದವ್ರು ಇವ್ರಲ್ಲ" ಎಂದೆ. ಅವನೇ ಕೈ ಮಾಡಿ ನನ್ನನ್ನು ತಡೆದ.

"ಬ್ರೇಕ್ ನಾ ತಗದಿಲ್ಲ, ಅದು ಖರೇ" ಎಂದ. "ಆದ್ರ ಜೋರು ಮಾಡಿದಾಂವ ನಾನ. ಅಷ್ಟು ಜೋರು ಇರದಿದ್ರ ಅದು ಅಷ್ಟು ಹಾರ್ತಿದ್ದಿಲ್ಲ. ಅದನ್ನ ಹೇಳಾಕ ಬಂದೆ."

ಆಗ ವೈನಿ, ಅಣ್ಣನ ಹೆಂಡತಿ, ಒಳಗಿನಿಂದ ಬಂದಳು. ಅಷ್ಟು ದಿನ ಅವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅವನ ಎದುರು ನಿಂತು, "ಜೋರು ಮಾಡಿದಾಂವ ನೀನ ಹೌದಲ್ಲ?" ಎಂದಳು.

"ಹೌದವ್ವಾ" ಎಂದ.

ಅವಳು ಒಳಗೆ ಹೋದಳು. ಅವನನ್ನು ಕೂರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಮನೆಯ ನೆರಳು ಅವನ ಕಾಲು ಮುಟ್ಟುವವರೆಗೂ ಬಿಸಿಲಲ್ಲಿ ನಿಂತಿದ್ದು, ಆಮೇಲೆ ಚಪ್ಪಲಿ ಮೆಟ್ಟಿ ಹೊರಟುಹೋದ.

ಸಾವುಕಾರ ಬರಲಿಲ್ಲ. ತನ್ನ ಆಳೊಬ್ಬನ ಕೈಯಲ್ಲಿ ಮಶೀನನ್ನು ಕಳಿಸಿದ. ಅದೇ ಮಶೀನು. ಠಾಣೆಯಿಂದ ಬಿಡಿಸಿಕೊಂಡು, ತೊಳೆಸಿ, ಗೋಣಿಚೀಲದಲ್ಲಿ ಹಾಕಿ ಕಳಿಸಿದ್ದ. "ಬಾಡಿಗಿಗಿ ಕೊಟ್ಟು ಹೊಟ್ಟಿ ಹೊರಕೋರಿ ಅಂದಾರ ಸಾವಕಾರ್ರು" ಎಂದು ಆಳು ಹೇಳಿದ. ಅಣ್ಣನ ಜೀವಕ್ಕೆ ಅವನು ಕೊಟ್ಟದ್ದು ಅದೊಂದೇ. ನಾನು ಅದನ್ನು ಬಾವಿಗೆ ಎಸೆಯಲು ಎತ್ತಿಕೊಂಡೆ. ವೈನಿ ಚೀಲದ ಬಾಯಿ ಹಿಡಿದು ನಿಲ್ಲಿಸಿದಳು.

"ಒಗದ್ರ ಕೂಸಿಗೆ ಏನ್ ತಿನ್ನಸ್ಲಿ? ನೀ ನಾಳೆ ಸಾಲಿ ಕಲ್ಯಾಕ ಹೋಗಾಂವ" ಎಂದಳು. ಅವಳ ಮಗಳು ಆಗಿನ್ನೂ ಹಾಲು ಬಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಕೂಸನ್ನು ಅವ್ವನ ಹತ್ತಿರ ಬಿಟ್ಟು, ನನ್ನನ್ನು ಕರೆದುಕೊಂಡು ಗಜೇಂದ್ರಗಡಕ್ಕೆ ಹೊರಟಳು. ಯಾಕೆಂದು ಹೇಳಲಿಲ್ಲ. ಮಿಸ್ತ್ರಿಯ ಅಂಗಡಿಯ ಮುಂದೆ ಯಾರೂ ಇರಲಿಲ್ಲ. ಹುಲಿಯ ಬೋರ್ಡನ್ನು ಅವನು ತೆಗೆದುಹಾಕಿದ್ದ, ಗೋಡೆಯಲ್ಲಿ ಮೊಳೆಗಳಷ್ಟೇ ಇದ್ದವು. ವೈನಿ ಚೀಲವನ್ನು ಕಟ್ಟೆಯ ಮೇಲಿಟ್ಟಳು. ಒಳಗೆ ಏನಿದೆಯೆಂದು ಅವನಿಗೆ ಗೊತ್ತಾಯಿತು. ಎರಡು ಹೆಜ್ಜೆ ಹಿಂದೆ ಸರಿದ.

"ಇದನ್ನ ಮುಟ್ಟಂಗಿಲ್ಲವ್ವಾ ನಾನು. ಬ್ಯಾರೆ ಯಾವದರ ಹೇಳು, ಮಾಡ್ತೀನಿ."

"ಬ್ಯಾರೆ ಯಾವದೂ ಬ್ಯಾಡ" ಎಂದಳು ವೈನಿ. "ನೀವ ಕೆಡಿಸೀರಿ, ನೀವ ಸುದ್ದ ಮಾಡ್ರಿ. ಮೊದ್ಲ ಹ್ಯಾಂಗಿತ್ತು ಹಂಗ ಮಾಡಿಕೊಡ್ರಿ. ಇದನ್ನ ಹಿಡದಾಂವ ಸಂಜಿಗೆ ಮನಿಗೆ ಬರಬೇಕು."

ಅವನು ಚಾದರ ಹಾಸಿದ. ಈ ಸಲ ಹೆಂಡತಿಯನ್ನು ಕೂಗಲಿಲ್ಲ, ತಾನೇ ಒಳಗೆ ಹೋಗಿ ಬಸಿಗಳನ್ನು ತಂದ.

ಸಾವುಕಾರನವರು ಎಷ್ಟು ತೊಳೆಸಿದ್ದರೂ ಮುಚ್ಚಳದ ಸಂದಿಯಲ್ಲಿ, ಸರಪಳಿ ಸುತ್ತುವ ಚಕ್ರದ ಹಿಂದೆ, ಎಣ್ಣೆಯ ಜೊತೆ ಕಂದು ಬಣ್ಣದ್ದೇನೋ ಒಣಗಿ ಕೂತಿತ್ತು. ಮಿಸ್ತ್ರಿ ನಮ್ಮ ಕಡೆ ಬೆನ್ನು ಮಾಡಿ ಕೂತು ಅದನ್ನು ಸೀಮೆ ಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿದ. ವೈನಿಗೆ ಕಾಣಬಾರದೆಂದು ಹಾಗೆ ಕೂತಿದ್ದ. ಅವಳು ಎದ್ದು ಸುತ್ತು ಹಾಕಿ ಅವನ ಎದುರಿಗೇ ಬಂದು ಕೂತಳು. ಎಲ್ಲ ನೋಡಿದಳು. ಅವನ ಕೈಯಿಂದ ಒಂದು ಸ್ಕ್ರೂ ಬಿದ್ದು ಎಲ್ಲೋ ಉರುಳಿತು. ಅವಳೇ ಹುಡುಕಿ ತೆಗೆದು ಬಸಿಯಲ್ಲಿ ಹಾಕಿದಳು. ಬಸಿ ಮುಟ್ಟಿದರೆ ಕೂಗಾಡುತ್ತಿದ್ದವನು ಆ ಬಸಿಯನ್ನು ಅವಳ ಕಡೆಗೆ ಸರಿಸಿದ.

ಸಿಲಿಂಡರಿನ ಕಿಂಡಿಯನ್ನು ತಿಕ್ಕಿ ಅಗಲ ಮಾಡಿದ್ದು ಮತ್ತೆ ಕಿರಿದಾಗುವ ಹಾಗಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ಬೇರೆ ಸಿಲಿಂಡರು ತಂದ. ದಪ್ಪ ಗ್ಯಾಸ್ಕೆಟ್ಟು ಹಾಕಿದ. ಸೈಲೆನ್ಸರಿಗೆ ತಗಡು ಕೂರಿಸಿದ. ಸುಟ್ಟುಹೋದ ಒಂದು ಮಶೀನಿನಿಂದ ಬ್ರೇಕಿನ ಪಟ್ಟಿ, ಸ್ಪ್ರಿಂಗು ಬಿಚ್ಚಿ ಇದಕ್ಕೆ ಜೋಡಿಸಿದ. ಎಲ್ಲ ಮುಗಿದ ದಿನ ನಾವು ಹೋದಾಗ ಮಶೀನನ್ನು ಹಚ್ಚಿ, ಸರಪಳಿ ತಿರುಗುತ್ತಿರುವಾಗಲೇ ಪಟ್ಟಿಗೆ ತನ್ನ ಮಣಿಕಟ್ಟಿನಿಂದ ಬಡಿದ. ಟಕ್ಕೆಂದು ನಿಂತಿತು. ಮತ್ತೆ ಬಡಿದ, ಮತ್ತೆ ನಿಂತಿತು. ಸಾಕು ಎಂದು ನಾನು ಹೇಳುವವರೆಗೂ ಹಾಗೆ ಬಡಿಯುತ್ತಲೇ ಇದ್ದ. ಮಣಿಕಟ್ಟು ಕೆಂಪಗೆ ಬಾತಿತ್ತು. "ಈಗ ಬೆಕ್ಕು ಆಗೇತಿ ನೋಡವ್ವಾ" ಎಂದ. ವೈನಿ ಮಶೀನು ತೆಗೆದುಕೊಂಡಳು. ಥ್ಯಾಂಕ್ಸ್ ಎನ್ನುವ ರೂಢಿ ನಮ್ಮಲ್ಲಿಲ್ಲ, ಬರ್ತೀವಿ ಎಂದಾದರೂ ಅನ್ನುತ್ತೇವೆ. ಅದನ್ನೂ ಅವಳು ಅನ್ನಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬೇರೆ ರೀತಿ ಬರೆಯುತ್ತಿದ್ದೆ. ಆ ಮಶೀನನ್ನು ಬಾಡಿಗೆಗೆ ಒಯ್ದವರು ಮಧ್ಯಾಹ್ನಕ್ಕೇ ತಿರುಗಿ ತಂದರು. "ಇದೇನ್ರವಾ, ಮುದುಕರಂಗ ನಡೀತೈತಿ" ಎಂದರು. ಹುಲಿಗಳ ರುಚಿ ಹತ್ತಿದ ಕೈಗಳಿಗೆ ಅದು ಬೇಡವಾಯಿತು. ಅದು ಕೊಂದ ಮಶೀನು ಎಂದು ಅಂಜಿ ಬಿಟ್ಟವರು ಒಬ್ಬಿಬ್ಬರು. ಉಳಿದವರೆಲ್ಲ ನಿಧಾನ ಎಂದು ಬಿಟ್ಟರು. ಇದರಲ್ಲಿ ಬ್ರೇಕು ಇದೆ, 'ಜೀವಕ್ಕ ಚಲೋ' ಎಂದು ವೈನಿ ಮನೆಮನೆಗೆ ಹೋಗಿ ಹೇಳಿದಳು. ಜನ ಅವಳ ಮುಖ ನೋಡಿ ಮರುಗಿ, ಸಾವುಕಾರನ ಅಡ್ಡೆಗೆ ಹೋಗಿ ಪಟ್ಟಿಯಿಲ್ಲದ ಮಶೀನು ತಂದರು.

ಮಳೆಗಾಲ ಬರುವ ಮೊದಲು ಅದನ್ನು ಮಾರಿದೆವು. ಬಳ್ಳಾರಿ ಜಾಲಿ ಕಡಿದು ಇದ್ದಿಲು ಸುಡುವ ಒಬ್ಬನು ಕೊಂಡ. ನಾನು ಮುಂದೊಮ್ಮೆ ಅವನನ್ನು ನೋಡಿದಾಗ ಮಶೀನು ಅವನ ಸೈಕಲ್ಲಿನ ಹಿಂದೆ ಕಟ್ಟಿತ್ತು. ಪಟ್ಟಿ ಇರಲಿಲ್ಲ. ಕೇಳಿದೆ. "ಅಡ್ಡ ಬರ್ತಿತ್ರಿ, ತಗಸೀನಿ" ಎಂದ.

ಮಿಸ್ತ್ರಿ ಆಮೇಲೆ ಯಾವ ಗರಗಸವನ್ನೂ ಬಿಚ್ಚಲಿಲ್ಲ. ಔಷಧ ಹೊಡೆಯುವ ಪಂಪುಗಳನ್ನಷ್ಟೇ ತೆಗೆದುಕೊಳ್ಳುತ್ತಿದ್ದ. ಕಿವಿ ಪೂರ್ತಿ ಹೋದ ಮೇಲೆ ಅದೂ ನಿಂತಿತು. ಅಂಗಡಿ ಮುಚ್ಚಿ ಗಂಡಹೆಂಡತಿ ನರಗುಂದಕ್ಕೆ, ಮಗಳ ಮನೆಗೆ ಹೋದರೆಂದು ಕೇಳಿದೆ.

ಅವನನ್ನು ಇನ್ನೊಂದು ಸಲ ನೋಡಿದೆ. ನಾನು ಮಾಸ್ತರನಾಗಿ ಸ್ವಲ್ಪ ಕಾಲವಾಗಿತ್ತು. ಒಂದು ತರಬೇತಿಗೆಂದು ನರಗುಂದಕ್ಕೆ ಹೋದವನು ಬಸ್ಸಿಗೆ ಕಾಯುತ್ತಿದ್ದೆ. ಕಲ್ಲಿನ ಬೆಂಚಿನ ಮೇಲೆ ಬಿಳೀ ಗಡ್ಡದ ಒಬ್ಬ ಮುದುಕ ಬಡೇಸೋಪು ಜಗಿಯುತ್ತ ಕೂತಿದ್ದ. ಅಗಲವಾದ ಅಂಗೈಗಳಿಂದ ಗುರುತು ಹಿಡಿದೆ. ಅವನೂ ನನ್ನನ್ನು ಗುರುತಿಸಿದ, ಕೈ ಹಿಡಿದುಕೊಂಡ, ಬಿಡಲಿಲ್ಲ.

"ಆ ಮಶಿನ್ ಹ್ಯಾಂಗೈತಿ ತಮ್ಮಾ? ನಡೀತೈತೇನ?" ಎಂದು ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಕೇಳಿದ.

"ಮಾರಿದ್ವಿರಿ" ಎಂದೆ.

"ಆಂ?"

"ಮಾರಿದ್ವಿ! ಮಾರಿದ್ವಿರಿ!" ಎಂದು ಕೂಗಿದೆ. ಜನ ತಿರುಗಿ ನೋಡಿದರು.

ಅವನ ಮುಖ ಅರಳಿತು. "ನಡೀಬೇಕು, ನಡೀಬೇಕು. ಅದೊಂದ ನಾ ಚಲೋ ಮಾಡಿದ್ದು" ಎಂದ. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ರೋಣದ ಬಸ್ಸು ಬಂತು.

ಶಾಲೆಯಲ್ಲಿ ಆ ಹೊಗೆಯ ವಾಸನೆ ಬಂದ ವಾರದ ಭಾನುವಾರ ನಾನು ನರಗುಂದಕ್ಕೆ ಹೋದೆ. ಯಾಕೆ ಹೋದೆನೆಂದು ಕೇಳಿದರೆ ಹೇಳಲು ಬರುವುದಿಲ್ಲ. ಕೇಳುತ್ತ ಕೇಳುತ್ತ ಮಗಳ ಮನೆ ಸಿಕ್ಕಿತು. "ನಮ್ಮ ಅಬ್ಬಾ ತೀರಿಕೊಂಡು ಭಾಳ ದಿನ ಆತ್ರಿ. ಅಮ್ಮಾನೂ ಹೋದ್ರು. ನೀವು ಯಾರು?" ಎಂದಳು. ಗಜೇಂದ್ರಗಡದಲ್ಲಿ ಪರಿಚಯ ಎಂದೆ. ಚಹ ಕೊಟ್ಟಳು. ಬಸಿ ಸಮೇತ ಕೊಟ್ಟಳು, ಕುಡಿಯುವುದು ಕಷ್ಟವಾಯಿತು.

ಬರುವಾಗ ಗಜೇಂದ್ರಗಡದಲ್ಲಿ ಇಳಿದೆ. ವೈನಿ ಈಗ ಅಲ್ಲಿಯೇ ಇದ್ದಾಳೆ, ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ಮಗಳ ಮದುವೆ ಮಾಡಿದ್ದಾಳೆ. ಎಲ್ಲವನ್ನೂ ಆ ಎರಡು ಕೈಗಳಿಂದ ಮಾಡಿದ್ದಾಳೆ. ಒಲೆಯ ಮುಂದೆ ಕೂತಿದ್ದವಳಿಗೆ, "ಮಿಸ್ತ್ರಿ ಹೋದ್ರಂತ ವೈನಿ" ಎಂದೆ. ಅವಳ ಕೈ ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ: "ಅವರ ಮ್ಯಾಲಿನ ಸಿಟ್ಟು ಹೋತೇನ್ರಿ?"

"ಇಲ್ಲ."

"ಸಾವಕಾರನ ಮ್ಯಾಲೆ?"

ವೈನಿ ರೊಟ್ಟಿ ಬಡಿಯುವುದನ್ನು ಬಿಟ್ಟು ನನ್ನನ್ನು ನೋಡಿದಳು. ಹಿಟ್ಟಾದ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

"ಸಾವಕಾರ ಯಾವಾಗ ನಮ್ಮ ಬಾಗಲಿಗೆ ಬಂದಿದ್ದ?" ಎಂದಳು. "ಸಿಟ್ಟಾಗಾಕರ ಎದುರಿಗೆ ಒಬ್ಬ ಮನಷ್ಯಾ ಬಂದು ನಿಂದ್ರಬೇಕಲ್ಲೋ ತಮ್ಮಾ. ಆಂವ ಒಬ್ಬಾಂವ ಬಂದು ನಿಂತಿದ್ದ."

ಮತ್ತೆ ರೊಟ್ಟಿಗೆ ಕೈ ಹಚ್ಚಿದಳು. ನಾನು ಊಟ ಮಾಡಿ ಎದ್ದೆ. ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಅಂಗಡಿಯಿದ್ದ ಮೂಲೆ ಬರುತ್ತದೆ, ಅಲ್ಲೀಗ ಮೊಬೈಲಿನ ಅಂಗಡಿ ಇದೆ. ಆ ಓಣಿ ಬಿಟ್ಟು ಸುತ್ತು ಹಾಕಿಕೊಂಡು ಹೋದೆ.